ಸಾಲಾಗಿ ಮಲಗುವ ಇಂಗಾಲದ ಕೊಳವೆ

ಕಂದೀಲಿನ ಗಾಜಿಗೆ ಮಸಿ ಹಿಡಿಯುವುದನ್ನು ನೀವು ನೋಡಿದ್ದೀರಿ. ಆ ಮಸಿ ಇಂಗಾಲ. ಒಲೆಯ ಇದ್ದಿಲೂ ಇಂಗಾಲವೇ. ಇದೇ ಇಂಗಾಲದಿಂದ ಬಹಳ ಸಣ್ಣ ಕೊಳವೆಗಳೂ ಆಗುತ್ತವೆ. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ಇವುಗಳ ಬಗ್ಗೆ ಬರೆದರು. ಆಮೇಲೆ ಎಲ್ಲರ ಗಮನ ಈ ಕಡೆ ತಿರುಗಿತು. ಇವುಗಳ ಹೆಸರು ಕಾರ್ಬನ್ ನ್ಯಾನೋಟ್ಯೂಬ್. ಹೆಸರು ದೊಡ್ಡದು, ಕೊಳವೆ ಮಾತ್ರ ಕಣ್ಣಿಗೇ ಕಾಣದು! ಹತ್ತಾರು ಸಾವಿರ ಕೊಳವೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ತಲೆಗೂದಲಿನ ಅಗಲ ಆಗುತ್ತದೆ.

ಇದರಿಂದ ಏನು ಉಪಯೋಗ ಅಂತೀರಾ? ನಿಮ್ಮ ಮೊಬೈಲಿನ ಒಳಗೆ ಕೋಟಿಗಟ್ಟಲೆ ಸಣ್ಣ ಸ್ವಿಚ್ಚುಗಳಿವೆ. ಅವಕ್ಕೆ ಟ್ರಾನ್ಸಿಸ್ಟರ್ ಅನ್ನುತ್ತಾರೆ. ಅವುಗಳನ್ನು ಸಿಲಿಕಾನಿನಿಂದ ಮಾಡುತ್ತಾರೆ. ಇಂಗಾಲದ ಕೊಳವೆಯಿಂದ ಮಾಡಿದರೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಆದೀತು ಎಂಬುದು ವಿಜ್ಞಾನಿಗಳ ಆಸೆ.

ಆದರೆ ಒಂದು ತೊಡಕು ಇದೆ. ಕೊಳವೆಗಳನ್ನು ಸುಮ್ಮನೆ ಚೆಲ್ಲಿದರೆ ಕಣದಲ್ಲಿ ಚೆಲ್ಲಿದ ಹುಲ್ಲಿನಂತೆ ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ಕರೆಂಟು ಹೋಗಬಾರದ ದಾರಿಯಲ್ಲಿ ಹೋಗುತ್ತದೆ. ಕೂರಿಗೆಯಿಂದ ಬಿತ್ತಿದ ಜೋಳದಂತೆ ಸಾಲು ನೆಟ್ಟಗೆ ಇರಬೇಕು. ಕಣ್ಣಿಗೇ ಕಾಣದ್ದನ್ನು ಸಾಲು ಮಾಡುವುದು ಹೇಗೆ?

ಅದಕ್ಕೆ ಬೆಣಚುಕಲ್ಲು ನೆರವಾಯಿತು. ಕಟ್ಟಿಗೆಯಲ್ಲಿ ಎಳೆ ಇರುವಂತೆ ಬೆಣಚುಕಲ್ಲಿನ ಹರಳಿನಲ್ಲೂ ಕಣಗಳ ಸಾಲು ಇರುತ್ತದೆ. ಹರಳಿನ ನುಣುಪಾದ ಬಿಲ್ಲೆಯನ್ನು ಬಿಸಿ ಕುಲುಮೆಯಲ್ಲಿಟ್ಟು, ಇಂಗಾಲ ಇರುವ ಅನಿಲ ಬಿಡುತ್ತಾರೆ. ಕೊಳವೆಗಳು ಅದರ ಮೇಲೆಯೇ ಬೆಳೆಯುತ್ತವೆ. ಬೆಳೆಯುವಾಗ ಹರಳಿನ ಸಾಲನ್ನೇ ಹಿಡಿದು ಹೋಗುತ್ತವೆ. ಯಾರೂ ಕೈ ಹಚ್ಚಬೇಕಿಲ್ಲ. ಆಮೇಲೆ ಆ ಸಾಲುಗಳನ್ನು ಎತ್ತಿ ಸಿಲಿಕಾನ್ ಬಿಲ್ಲೆಯ ಮೇಲೆ ಇಡುತ್ತಾರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹೀಗೆಯೇ ಮಾಡಿದರು. 100 ಕೊಳವೆಗಳಲ್ಲಿ 99ಕ್ಕೂ ಹೆಚ್ಚು ಸಾಲಿಗೆ ಬಂದವು. ಅಡ್ಡ ಬಿದ್ದ ಒಂದೆರಡರಿಂದ ಕೆಲಸ ಕೆಡದಂತೆ ಚಿಪ್ಪಿನ ನಕ್ಷೆಯನ್ನೇ ಬದಲಿಸಿದರು. ಇನ್ನು ಕೆಲವು ಕೊಳವೆಗಳು ಆರದ ಸ್ವಿಚ್ಚಿನಂಥವು. ಅವುಗಳಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಒಳ್ಳೆಯ ಕೊಳವೆಗಳನ್ನೆಲ್ಲ ಆರಿಸಿ ಜೋರಾಗಿ ಕರೆಂಟು ಬಿಟ್ಟರು. ಕೆಟ್ಟವು ಮಾತ್ರ ಸುಟ್ಟುಹೋದವು. ಕಳೆ ತೆಗೆದ ಹಾಗೆ!

2013ರಲ್ಲಿ ಅವರ ಕಂಪ್ಯೂಟರ್ ಸಿದ್ಧವಾಯಿತು. ಇಂಗಾಲದ ಕೊಳವೆಯ ಮೊದಲ ಕಂಪ್ಯೂಟರ್ ಅದು. ಅದರಲ್ಲಿದ್ದ ಟ್ರಾನ್ಸಿಸ್ಟರ್ 178 ಮಾತ್ರ. ಅದು ಮಾಡಿ ತೋರಿಸಿದ ಕೆಲಸ ಏನು ಗೊತ್ತಾ? ಎಣಿಸುವುದು, ಅಂಕಿಗಳನ್ನು ಕ್ರಮವಾಗಿ ಜೋಡಿಸುವುದು. ನಾವೂ ಕಲಿಕೆ ಶುರು ಮಾಡಿದ್ದು ಅಲ್ಲಿಂದಲೇ ಅಲ್ಲವೇ?

2020ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದರು. ಕೊಳವೆಗಳನ್ನು ದ್ರವದಲ್ಲಿ ಬೆರೆಸಿ, ಬಿಲ್ಲೆಯನ್ನು ಅದರೊಳಗಿಂದ ಮೆಲ್ಲಗೆ ಮೇಲೆ ಎಳೆದರು. ಎಳೆದಂತೆಲ್ಲ ಕೊಳವೆಗಳು ಸಾಲಾಗಿ ಅಂಟಿಕೊಂಡವು. ಒಂದು ಮಿಲಿಮೀಟರ್ ಜಾಗದಲ್ಲಿ ಒಂದರಿಂದ ಎರಡು ಲಕ್ಷ ಸಾಲು!

ಆದರೂ ನಿಮ್ಮ ಕೈಯಲ್ಲಿರುವ ಮೊಬೈಲು ಇನ್ನೂ ಸಿಲಿಕಾನಿನದೇ. ಅದರಲ್ಲಿ ಕೋಟಿಗಟ್ಟಲೆ ಸ್ವಿಚ್ಚು ಬೇಕು. ಅಷ್ಟು ಸ್ವಿಚ್ಚುಗಳಲ್ಲಿ ಕೆಟ್ಟ ಕೊಳವೆ ಉಳಿಯದಂತೆ, ಸಾಲು ತಪ್ಪದಂತೆ ಕಡಿಮೆ ಖರ್ಚಿನಲ್ಲಿ ಮಾಡುವ ಕೆಲಸ ಇನ್ನೂ ನಡೆದಿದೆ.