ಬೆಂಗಳೂರಿನಲ್ಲಿ ಬಾಡಿಗೆ ಮನೆ: ಕೊಳ್ಳುವ ಕಾಲ ಯಾವುದು?

ಕಾಫಿಗೂ ಅಡಿಕೆಗೂ ಒಳ್ಳೆಯ ಧಾರಣೆ ಬಂದ ವರ್ಷ ಬೆಳೆಗಾರರ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ಜಯನಗರದಲ್ಲೋ ಬನಶಂಕರಿಯಲ್ಲೋ ಒಂದು ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಹೇಗೆ? ಮಕ್ಕಳು ಬೆಂಗಳೂರು ಸೇರಿದ್ದರಂತೂ ಈ ಆಸೆ ಇನ್ನಷ್ಟು ಬಲವಾಗುತ್ತದೆ. ಆಸೆ ತಪ್ಪಲ್ಲ. ಆದರೆ ಕೊಳ್ಳುವ ಕಾಲವನ್ನು ಪೇಟೆಯ ಬೆಲೆಗಿಂತ ನಮ್ಮ ತೋಟದ ಲೆಕ್ಕ ನೋಡಿ ನಿರ್ಧರಿಸುವುದು ಲೇಸು.

ದಕ್ಷಿಣ ಬೆಂಗಳೂರಿನಲ್ಲಿ ಬೆಲೆ ಏರಲು ಕಾರಣಗಳಿವೆ. 2017ರ ಜೂನ್‌ನಲ್ಲಿ ಮೆಟ್ರೋ ರೈಲು ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಹಾದು ಯಲಚೇನಹಳ್ಳಿ ಮುಟ್ಟಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆಯ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಆದರೆ ಮಾರುವವರು ಈ ಅನುಕೂಲವನ್ನೆಲ್ಲ ಸೇರಿಸಿಕೊಂಡೇ ಬೆಲೆ ಹೇಳುತ್ತಾರೆಂಬುದನ್ನು ಮರೆಯಬಾರದು.

ಒಂದು ಲೆಕ್ಕ ನೋಡೋಣ. ಮನೆಯ ಬೆಲೆ 1 ಕೋಟಿ, ಬಾಡಿಗೆ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದು, ಕಂದಾಯ, ಸುಣ್ಣಬಣ್ಣ, ರಿಪೇರಿ ಕಳೆದರೆ ಕೈಗೆ ಸಿಗುವುದು ಸುಮಾರು 2 ಲಕ್ಷ 40 ಸಾವಿರ. 70 ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 63,000, ಅಂದರೆ ವರ್ಷಕ್ಕೆ ಏಳೂವರೆ ಲಕ್ಷ. ಕೊರತೆಯ 5 ಲಕ್ಷಕ್ಕೂ ಮಿಕ್ಕ ಹಣವನ್ನು ತೋಟವೇ ಕೊಡಬೇಕು. ಇದಲ್ಲದೆ ಉಳಿದ 30 ಲಕ್ಷದ ಜೊತೆಗೆ ಮುದ್ರಾಂಕ, ನೋಂದಣಿಗೆಂದು ಇನ್ನೂ ಸುಮಾರು ಏಳೂವರೆ ಲಕ್ಷ ಮೊದಲೇ ಕೈಯಿಂದ ಹಾಕಬೇಕು.

ತೊಡಕು ಇರುವುದು ಇಲ್ಲಿಯೇ. ಕಂತು ತಿಂಗಳು ತಿಂಗಳು ಬರುತ್ತದೆ, ಫಸಲು ವರ್ಷಕ್ಕೊಮ್ಮೆ. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ 2001ರಲ್ಲಿ ಪೌಂಡಿಗೆ 50 ಸೆಂಟಿಗೂ ಕೆಳಗಿಳಿದ ಅರೇಬಿಕಾ, 2025ರ ಫೆಬ್ರವರಿಯಲ್ಲಿ 4 ಡಾಲರ್ ದಾಟಿತು. ಹೀಗೆ ಏರಿದ್ದು ಇಳಿಯಲೂಬಹುದು. ಹೂಮಳೆ ತಪ್ಪಬಹುದು, ಅಡಿಕೆಗೆ ಕೊಳೆರೋಗ ಬರಬಹುದು. ಬ್ಯಾಂಕು ಮಾತ್ರ ಕಾಯುವುದಿಲ್ಲ.

ಆದುದರಿಂದ, ಮುಂಗಡ ಹಣ ಕೊಟ್ಟ ಮೇಲೂ ಎರಡು ವರ್ಷದ ಕೊರತೆ, ಅಂದರೆ ಮೇಲಿನ ಲೆಕ್ಕದಲ್ಲಿ 10 ಲಕ್ಷ, ಮತ್ತು ಒಂದು ವರ್ಷದ ತೋಟದ ಖರ್ಚು ಠೇವಣಿಯಲ್ಲಿ ಉಳಿಯುವುದಾದರೆ ಅದೇ ಕೊಳ್ಳುವ ಕಾಲ. ಉಳಿಯದಿದ್ದರೆ ಚಿಕ್ಕ ಮನೆ ನೋಡಿ, ಇಲ್ಲವೇ ಇನ್ನೊಂದು ಫಸಲು ಕಾಯಿರಿ. ಬೆಳೆ ಸಾಲವನ್ನು ಇದಕ್ಕೆ ತಿರುಗಿಸುವುದಾಗಲಿ, ತೋಟ ಒತ್ತೆಯಿಡುವುದಾಗಲಿ ಸರ್ವಥಾ ಕೂಡದು. ಕಾದರೆ ಬೆಲೆ ಏರಬಹುದು, ನಿಜ. ಆದರೆ ಅವಸರದಲ್ಲಿ ಕೊಂಡು ಕಂತು ಕಟ್ಟಲಾರದೆ ಮಾರಿದರೆ ಮುದ್ರಾಂಕದ ಹಣವಂತೂ ಮರಳಿ ಬಾರದು.

ಮುಂಗಡ ಕೊಡುವ ಮುನ್ನ ಮೂಲಪತ್ರ, ಇ-ಖಾತೆ, ಋಣಭಾರ ಪತ್ರ, ಅಪಾರ್ಟ್‌ಮೆಂಟ್ ಆದರೆ ಓ.ಸಿ., ಇವನ್ನು ವಕೀಲರಿಗೆ ತೋರಿಸಿ. ಅಗ್ಗವೆಂದು ಬಿ ಖಾತೆಯ ಮನೆ ಕೊಂಡರೆ ಸಾಲಕ್ಕೂ ಮರುಮಾರಾಟಕ್ಕೂ ತೊಡಕು.

ಪೇಟೆಯ ಮನೆ ತೋಟಕ್ಕೆ ಆಸರೆಯಾಗಬೇಕೇ ಹೊರತು ತೋಟವನ್ನು ನುಂಗಬಾರದು.