ಮುಟ್ಟಿ ನೋಡುವ ವಸ್ತುಸಂಗ್ರಹಾಲಯವೂ ನಮ್ಮ ಹಿರಿಕಿರಿಯ ಮಕ್ಕಳೂ

ವಸ್ತುಸಂಗ್ರಹಾಲಯವೆಂದರೆ ‘ಮುಟ್ಟಬಾರದು’ ಎಂಬ ಫಲಕವೇ ಮೊದಲು ಕಣ್ಣಿಗೆ ಬೀಳುವ ಸ್ಥಳವೆಂದು ನಮ್ಮಲ್ಲಿ ಅನೇಕರ ಭಾವನೆ. ವೀರಗಲ್ಲು, ತಾಮ್ರಶಾಸನ, ಹಳೆಯ ನಾಣ್ಯ ಮೊದಲಾದವುಗಳ ವಿಷಯದಲ್ಲಿ ಆ ಫಲಕ ನ್ಯಾಯವಾದದ್ದೇ. ಆದರೆ ಮುಟ್ಟಲೆಂದೇ, ತಿರುಗಿಸಲೆಂದೇ, ಎಳೆದು ನೋಡಲೆಂದೇ ವಸ್ತುಗಳನ್ನಿಟ್ಟಿರುವ ಇನ್ನೊಂದು ಬಗೆಯ ಸಂಗ್ರಹಾಲಯವುಂಟು. ಅಲ್ಲಿಗೆ ಆರು ವರ್ಷದ ಮಗುವನ್ನೂ ಹದಿನೈದು ವರ್ಷದ ಹುಡುಗನನ್ನೂ ಒಟ್ಟಿಗೆ ಕರೆದೊಯ್ಯಬೇಕಾದಾಗ ಉಪಾಧ್ಯಾಯರು ಏನು ಮಾಡತಕ್ಕದ್ದು ಎಂಬುದನ್ನು ಕುರಿತು ಇಲ್ಲಿ ವಿಚಾರಮಾಡುತ್ತೇವೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಮೆ. ಒಂದೊಂದು ತರಗತಿಗೆ ಒಂದೊಂದು ವಾಹನ ಎಂಬುದು ನಮಗೆ ಎಟುಕದ ಮಾತು. ಒಂದೇ ವಾಹನದಲ್ಲಿ ಅಣ್ಣನೂ ತಂಗಿಯೂ ಕುಳಿತು ಹೋಗಬೇಕು.

ಈ ಬಗೆಯ ಸಂಸ್ಥೆ ಹುಟ್ಟಿದ್ದು ಅಮೆರಿಕದಲ್ಲಿ. ೧೮೯೯ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯ ತೆರೆಯಿತು. ಪ್ರಪಂಚದಲ್ಲಿ ಇದೇ ಮೊದಲನೆಯದೆಂದು ಹೇಳುತ್ತಾರೆ. ೧೯೧೩ರಲ್ಲಿ ಬಾಸ್ಟನ್ ನಗರದಲ್ಲಿ ಎರಡನೆಯದು ಬಂದಿತು. ಅದನ್ನು ಕಟ್ಟಿದವರು ವಿಜ್ಞಾನ ಬೋಧಿಸುವ ಉಪಾಧ್ಯಾಯರ ಒಂದು ಕೂಟ ಎಂಬುದನ್ನು ನಮ್ಮ ಸಂಘದವರು ಗಮನಿಸಬೇಕು. ಸರ್ಕಾರವಲ್ಲ, ಶ್ರೀಮಂತರಲ್ಲ, ನಮ್ಮಂತಹ ಮೇಷ್ಟ್ರುಗಳು! ಅಲ್ಲಿಗೆ ೧೯೬೨ರಲ್ಲಿ ನಿರ್ದೇಶಕರಾಗಿ ಬಂದ ಮೈಕೇಲ್ ಸ್ಪಾಕ್ ಎಂಬವರು ಬಾಲ್ಯದಲ್ಲಿ ಓದುವುದಕ್ಕೆ ಬಹಳ ಕಷ್ಟಪಟ್ಟವರು. ಅಕ್ಷರ ಅವರಿಗೆ ಸುಲಭವಾಗಿ ಒಲಿಯಲಿಲ್ಲ. ಗಾಜಿನ ಪೆಟ್ಟಿಗೆಗಳನ್ನು ಸರಿಸಿ, ದಿನಬಳಕೆಯ ವಸ್ತುಗಳನ್ನು ಸೀಳಿ ಒಳಗೇನಿದೆಯೆಂದು ತೋರಿಸುವ ಪ್ರದರ್ಶನವನ್ನು ಏರ್ಪಡಿಸಿದವರು ಇವರೇ.

ಇನ್ನೊಬ್ಬರು ಫ್ರಾಂಕ್ ಓಪನ್‌ಹೈಮರ್. ಪರಮಾಣು ಬಾಂಬಿನ ಕಾರ್ಯದಿಂದ ಹೆಸರಾದ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ರಾಜಕೀಯದ ಕಾರಣದಿಂದ ೧೯೪೯ರಲ್ಲಿ ವಿಶ್ವವಿದ್ಯಾಲಯದ ಕೆಲಸವನ್ನು ಬಿಡಬೇಕಾಗಿ ಬಂದು, ಕೊಲರಾಡೊ ಪ್ರಾಂತದಲ್ಲಿ ದನ ಸಾಕಿಕೊಂಡಿದ್ದು, ಆಮೇಲೆ ಅಲ್ಲಿಯ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಪಾಠ ಹೇಳಿದರು. ಅಂತಹವರು ೧೯೬೯ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬುದನ್ನು ತೆರೆದರು. ಪ್ರಪಂಚದ ವಿಜ್ಞಾನ ಕೇಂದ್ರಗಳಿಗೆಲ್ಲ ಅದು ಮೇಲ್ಪಂಕ್ತಿಯಾಯಿತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ೧೯೦೩ರಲ್ಲಿ ಸ್ಥಾಪಿತವಾದ ಸಂಗ್ರಹಾಲಯದಲ್ಲಿ ಯಂತ್ರಗಳನ್ನು ಪ್ರೇಕ್ಷಕರೇ ನಡೆಯಿಸಿ ನೋಡುವ ಏರ್ಪಾಡು ಇದಕ್ಕೂ ಮೊದಲೇ ಇತ್ತು.

ನಮ್ಮ ದೇಶದಲ್ಲಿ ಕಲ್ಕತ್ತೆಯ ಬಿರ್ಲಾ ಸಂಗ್ರಹಾಲಯ ೧೯೫೯ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ೧೯೬೨ರ ಜುಲೈ ೧೪ರಂದು ಪಂಡಿತ ನೆಹರೂ ಅವರು ಉದ್ಘಾಟಿಸಿದರು. ನೂರು ವರ್ಷ ದಾಟಿ ಬಾಳಿದ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ವಿದ್ಯುಚ್ಛಕ್ತಿಯನ್ನು ಕುರಿತ ಮೊದಲನೆಯ ವಿಭಾಗ ಸಾರ್ವಜನಿಕರಿಗೆ ತೆರೆದದ್ದು ೧೯೬೫ರ ಜುಲೈನಲ್ಲಿ. ಹೊಸೂರಿನ ಕಡೆಯ ನಮಗೆ ಇದು ಸುಮಾರು ನಲವತ್ತು ಕಿಲೋಮೀಟರು. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಕಾಸರಗೋಡಿನವರಿಗೆ ಮಂಗಳೂರಿನ ಪಿಲಿಕುಳದ ಕೇಂದ್ರ, ಅಕ್ಕಲಕೋಟೆ ಸೊಲ್ಲಾಪುರದವರಿಗೆ ಕಲಬುರಗಿಯ ಕೇಂದ್ರ ಹತ್ತಿರ.

ಬೆಂಗಳೂರಿನ ಈ ಮನೆಯಲ್ಲಿ ಸೀಳಿ ತೋರಿಸಿದ ಎಂಜಿನುಗಳುಂಟು. ರೈಟ್ ಸಹೋದರರು ೧೯೦೩ರ ಡಿಸೆಂಬರ್ ೧೭ರಂದು ಹಾರಿಸಿದ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯುಂಟು. ಅವರ ಮೊದಲ ಹಾರಾಟ ಹನ್ನೆರಡು ಸೆಕೆಂಡು, ನೂರ ಇಪ್ಪತ್ತು ಅಡಿ. ಅಷ್ಟು ದೂರವನ್ನು ಮುಂಚಿತವಾಗಿಯೇ ಶಾಲೆಯ ಬಯಲಿನಲ್ಲಿ ಮಕ್ಕಳಿಂದ ಅಳೆಯಿಸಿದ್ದರೆ, ಆ ಪ್ರತಿಕೃತಿಯ ಮುಂದೆ ನಿಂತಾಗ ಅವರ ಮುಖವೇ ಬೇರೆಯಾಗಿರುತ್ತದೆ.

ಇನ್ನು ವಯಸ್ಸಿನ ಪ್ರಶ್ನೆ. ಹಿರಿಯರು ನುಗ್ಗಿ ಯಂತ್ರವನ್ನು ಹಿಡಿಯುತ್ತಾರೆ, ಕಿರಿಯರು ಹಿಂದೆ ನಿಂತು ಬೆನ್ನುಗಳನ್ನು ನೋಡುತ್ತಾರೆ ಎಂಬುದು ಸಾಮಾನ್ಯ ಅನುಭವ. ವಯಸ್ಸಿಗೆ ತಕ್ಕಂತೆ ಗುಂಪು ಮಾಡಿ ಬೇರೆ ಬೇರೆ ಕೋಣೆಗಳಿಗೆ ಕಳುಹಿಸುವುದೇ ಸರಿಯೆಂದು ಕೆಲವರ ಮತ. ನಮ್ಮ ಮತ ಹಾಗಲ್ಲ. ಮಾಂಟೆಸ್ಸರಿ ಅವರು ೧೯೦೭ರಲ್ಲಿ ರೋಮಿನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಬೇರೆ ಬೇರೆ ವಯಸ್ಸಿನವರು ಕೂಡಿಯೇ ಕಲಿತರು. ನಮ್ಮ ಏಕೋಪಾಧ್ಯಾಯ ಶಾಲೆಗಳಲ್ಲಿ ಇದು ಹೊಸದೂ ಅಲ್ಲ. ಒಬ್ಬ ಹಿರಿಯ, ಒಬ್ಬ ಕಿರಿಯ ಹೀಗೆ ಜೋಡಿ ಮಾಡಿ, ಒಂದು ನಿಯಮವನ್ನು ವಿಧಿಸುತ್ತೇವೆ. ಫಲಕವನ್ನು ಗಟ್ಟಿಯಾಗಿ ಓದುವುದು ಹಿರಿಯನ ಕೆಲಸ, ಮೊದಲು ಕೈಹಾಕುವುದು ಕಿರಿಯನ ಹಕ್ಕು. ಏನಾಗುತ್ತದೆಂಬುದನ್ನು ಮಾತ್ರ ಹಿರಿಯನು ಮುಂಚಿತವಾಗಿ ಹೇಳಕೂಡದು. ಈ ಕೊನೆಯ ಭಾಗವನ್ನು ಪಾಲಿಸುವುದು ಹುಡುಗರಿಗೆ ಬಲು ಕಷ್ಟ. (ಉಪಾಧ್ಯಾಯರಿಗೆ ಇನ್ನೂ ಕಷ್ಟ.)

ಇಂತಹ ಕೇಂದ್ರಗಳಲ್ಲಿ ಬಹುಮಟ್ಟಿಗೆ ಎಲ್ಲೆಲ್ಲೂ ಕಾಣಸಿಗುವ ರಾಟೆಯ ಕುರ್ಚಿಯನ್ನೇ ನೋಡೋಣ. ಮಗು ಕುರ್ಚಿಯಲ್ಲಿ ಕುಳಿತು ಹಗ್ಗವನ್ನು ಎಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುತ್ತದೆ. ಆರು ವರ್ಷದವರಿಗೆ ಇದು ಉಯ್ಯಾಲೆ. ಮೇಲೆ ಹೋದೆ, ಕೆಳಗೆ ಬಂದೆ ಎಂಬುದೇ ಸಾಕು. ಅಲ್ಲಿ ಪಾಠ ಹೇಳಹೋಗುವುದು ಅಧಿಕಪ್ರಸಂಗ. ಹತ್ತು ವರ್ಷದವರು ಪಕ್ಕದ ಕುರ್ಚಿಗೂ ಇದಕ್ಕೂ ಹೋಲಿಸುತ್ತಾರೆ: ಅಲ್ಲಿ ರಾಟೆ ಹೆಚ್ಚು, ಎಳೆಯುವುದು ಹಗುರ, ಆದರೆ ಎಷ್ಟು ಎಳೆದರೂ ಹಗ್ಗ ಮುಗಿಯುವುದಿಲ್ಲ. ಭಾರವನ್ನು ಹೊತ್ತ ಎಳೆಗಳು ನಾಲ್ಕಾದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕಹಾಕಿದಲ್ಲಿ ಅರವತ್ತು ಕಿಲೋ ಭಾರಕ್ಕೆ ಹದಿನೈದು ಕಿಲೋ ಎಳೆತ ಸಾಕು. ಒಂದು ಮೀಟರು ಏರಬೇಕಾದರೆ ನಾಲ್ಕು ಮೀಟರು ಹಗ್ಗ ಎಳೆಯಬೇಕು. ಈ ವಯಸ್ಸಿನವರು ಕಣ್ಣಮುಂದೆ ವಸ್ತುವಿದ್ದರೆ ಚೆನ್ನಾಗಿ ತರ್ಕಿಸಬಲ್ಲರು, ವಸ್ತುವಿಲ್ಲದೆ ಸೂತ್ರವನ್ನು ಮಾತ್ರ ಕೊಟ್ಟರೆ ತೊಡರುತ್ತಾರೆ ಎಂದು ಪಿಯಾಜೆ ಅವರು ತೋರಿಸಿದ್ದನ್ನು ತರಬೇತಿ ಪಡೆದವರೆಲ್ಲ ಓದಿದ್ದೇವೆ. ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹದಿನೈದರವರಿಗೆ ಬೇರೆಯೇ ಒಂದು ಪ್ರಶ್ನೆ. ಬಾವಿಯ ಮೇಲಿನ ಒಂಟಿ ರಾಟೆ ಎಳೆತದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಭಾರವನ್ನು ಕಡಮೆಮಾಡದು. ಇದನ್ನು ನೀರು ಸೇದಿದವರೆಲ್ಲ ಬಲ್ಲರು. ಹಾಗಾದರೆ ಅದೇ ಒಂಟಿ ರಾಟೆಯ ಕೆಳಗೆ ಕುರ್ಚಿಯಲ್ಲಿ ಕುಳಿತವನು ತಾನೇ ಎಳೆದರೆ ಅರ್ಧ ಬಲ ಹೇಗೆ ಸಾಕಾಗುತ್ತದೆ? ಕೆಳಗೆ ನಿಂತವನು ಎಳೆದರೆ ಪೂರ್ಣ ಬಲ ಬೇಕಲ್ಲ? ನಮ್ಮ ಒಂಬತ್ತನೆಯ ತರಗತಿಯವರು ಇದಕ್ಕಾಗಿ ಬಹಳ ಹೊತ್ತು ಜಗಳವಾಡಿದರು. ಕುಳಿತವನ ಕೈಯಲ್ಲಿರುವ ಎಳೆಯೂ ಅವನನ್ನು ಹೊತ್ತಿದೆ, ಆದುದರಿಂದ ಎಳೆಗಳು ಎರಡು ಎಂದು ಕೊನೆಗೆ ಹೇಳಿದವಳು ಅವರಲ್ಲೊಬ್ಬಳಲ್ಲ. ಪಕ್ಕದಲ್ಲಿ ಬೆರಳು ಮಡಿಸಿ ಹಗ್ಗಗಳನ್ನು ಎಣಿಸುತ್ತ ನಿಂತಿದ್ದ ಆರನೆಯ ತರಗತಿಯ ಹುಡುಗಿ. ಮಕ್ಕಳನ್ನು ವಯಸ್ಸಿಗೊಂದು ಕೋಣೆಯೆಂದು ಬೇರ್ಪಡಿಸಿದ್ದರೆ ಅವಳು ಅಲ್ಲಿ ಇರುತ್ತಲೇ ಇರಲಿಲ್ಲ.

ಪಿಸುಮಾತಿನ ತಟ್ಟೆಗಳೂ ಹೀಗೆಯೇ. ದೂರದೂರದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ದೊಡ್ಡ ಬೋಗುಣಿಗಳು. ಒಂದರ ಮುಂದೆ ಪಿಸುಗುಟ್ಟಿದ್ದು ಇನ್ನೊಂದರ ಮುಂದೆ ನಿಂತವನಿಗೆ ಕೇಳಿಸುತ್ತದೆ, ನಡುವೆ ನಿಂತವನಿಗೆ ಕೇಳಿಸದು. ಚಿಕ್ಕವರು ಗುಟ್ಟು ಹೇಳಿಕೊಳ್ಳುತ್ತಾರೆ. ಮಧ್ಯದವರು ಬಾಯನ್ನು ಎಲ್ಲಿಟ್ಟರೆ ಚೆನ್ನಾಗಿ ಕೇಳಿಸುತ್ತದೆಂದು ಹುಡುಕುತ್ತಾರೆ. ದೊಡ್ಡವರಿಗೆ ಪಠ್ಯಪುಸ್ತಕದ ನಿಮ್ನದರ್ಪಣ ನೆನಪಾಗಬೇಕು: ನಾಭಿಯಿಂದ ಹೊರಟದ್ದು ತಟ್ಟೆಗೆ ತಾಗಿ ಸಮಾನಾಂತರವಾಗಿ ಹೋಗಿ, ಎದುರಿನ ತಟ್ಟೆಯಲ್ಲಿ ಮತ್ತೆ ನಾಭಿಗೆ ಸೇರುತ್ತದೆ. ನೆನಪಾಗದಿದ್ದರೆ ನಮ್ಮ ಪಾಠದಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ.

‘ನಾಭಿ’ ಎಂದೆವಷ್ಟೆ. ಇಲ್ಲಿ ನಮ್ಮ ಮಟ್ಟಿಗೆ ಒಂದು ದೊಡ್ಡ ವಿಷಯವಿದೆ. ೨೦೦೬ರ ಕಾಯಿದೆಯ ತರುವಾಯ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳು ಕಲಿಕೆ ಕಡ್ಡಾಯವಾಯಿತು. ನೆರೆಯ ನುಡಿಯನ್ನು ಕಲಿಯುವುದರಲ್ಲಿ ನಮಗೆ ಆಕ್ಷೇಪವಿಲ್ಲ. ಹೊಸೂರಿನ ಮಗುವಿಗೆ ಮೂರು ನುಡಿ ಹಾಲಿನೊಡನೆಯೇ ಬರುತ್ತವೆ. ಆದರೆ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿ ಪ್ರಯೋಜನವೇನು, ಯಂತ್ರದ ಮುಂದೆ ಕನ್ನಡ ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ತಂದೆತಾಯಿಗಳ ಸಂಖ್ಯೆ ಬೆಳೆಯುತ್ತಿದೆ. ಅವರಿಗೆ ಭಾಷಣದಿಂದ ಉತ್ತರ ಕೊಡಲಾಗದು. ಬೆಂಗಳೂರಿನ ಸಂಗ್ರಹಾಲಯದಲ್ಲಿ ಯಂತ್ರದ ಪಕ್ಕದ ಫಲಕದಲ್ಲಿ ಇಂಗ್ಲಿಷಿನೊಡನೆ ಕನ್ನಡವೂ ಇದೆ. ಊರಿನ ಅಂಗಡಿಗಳ ಮೇಲೆ ಕಾಣದ ತನ್ನ ಅಕ್ಷರವನ್ನು ಮಗು ಅಲ್ಲಿ ಓದಿ, ಓದಿದಂತೆ ಹಿಡಿಯನ್ನು ತಿರುಗಿಸಿ, ಹೇಳಿದ್ದು ನಡೆದದ್ದನ್ನು ನೋಡುತ್ತದೆ. ಆದುದರಿಂದ ಪ್ರತಿ ಪ್ರವಾಸದಲ್ಲಿಯೂ ಇಬ್ಬರು ಮೂವರು ಪೋಷಕರನ್ನು ಜೊತೆಗೆ ಕರೆದೊಯ್ಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಒಬ್ಬ ರೇಷ್ಮೆ ಬೆಳೆಗಾರರು ತಮ್ಮ ಮಗಳು ಓದುತ್ತಿದ್ದುದನ್ನು ಕೇಳುತ್ತ, ‘ಇನ್ನೊಂದು ಸಲ ಓದವ್ವ’ ಎಂದರು. ಮೂರು ಸಲ ಓದಿಸಿದರು.

ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಟವನ್ನು ಬಿಡಬೇಕು. ಬೆಂಜಮಿನ್ ಗಿಲ್ಮನ್ ಎಂಬ ವಿದ್ವಾಂಸರು ೧೯೧೬ರಲ್ಲಿಯೇ ಸಂಗ್ರಹಾಲಯದ ಆಯಾಸವನ್ನು ಕುರಿತು ಬರೆದರು. ಬಗ್ಗಿ, ಕುಕ್ಕರಿಸಿ, ಕತ್ತು ಚಾಚಿ ನೋಡುವವನ ಛಾಯಾಚಿತ್ರಗಳನ್ನೂ ತೆಗೆಸಿ ತೋರಿಸಿದರು. ದೊಡ್ಡವರ ಎತ್ತರಕ್ಕೆ ಇಟ್ಟ ವಸ್ತುವನ್ನು ನೋಡುವ ಒಂದನೆಯ ತರಗತಿಯ ಮಗುವಿಗೆ ಈ ಆಯಾಸ ಬೇಗನೆ ಬರುತ್ತದೆ. ಒಂದು ಗಂಟೆಯಾದ ಮೇಲೆ ಚಿಕ್ಕವರನ್ನು ಹೊರಗೆ ಮರದ ನೆರಳಿಗೆ ಕರೆತಂದು ಬುತ್ತಿ ಬಿಚ್ಚುವುದು ಲೇಸು. ಆ ಹೊತ್ತಿನಲ್ಲಿ ದೊಡ್ಡವರು ತಮಗೆ ಹಿಡಿಸಿದ ಒಂದೇ ವಸ್ತುವಿನ ಬಳಿಗೆ ಮರಳಿ ಹೋಗಿ ಚಿತ್ರ ಬರೆದುಕೊಳ್ಳಲಿ. ಗುಂಡಿ ಒತ್ತಿ ದೀಪ ಹತ್ತಿಸುವ ಪೆಟ್ಟಿಗೆಗಳ ಬಗೆಗೆ ನಮಗೆ ಹೆಚ್ಚಿನ ಆದರವಿಲ್ಲ. ಮಕ್ಕಳು ಒತ್ತಿ ಓಡುತ್ತಾರೆ, ದೀಪ ಹತ್ತಿತೋ ಇಲ್ಲವೋ ನೋಡುವುದೂ ಇಲ್ಲ. ತೋಳಿಗೆ ಭಾರ ತಿಳಿಯುವ ವಸ್ತುಗಳೇ ಮೇಲು.

ಮರಳಿ ಬಂದ ವಾರದಲ್ಲಿ ಅಲ್ಲಿ ಕಂಡದ್ದನ್ನು ಒಂದನ್ನಾದರೂ ಶಾಲೆಯಲ್ಲಿ ಮಾಡಿಸಬೇಕು. ಇದಕ್ಕೆ ಹಣ ಬೇಕಿಲ್ಲ. ಎರಡು ನಯವಾದ ಬಿದಿರಿನ ಕೋಲು, ಒಂದು ಉದ್ದನೆಯ ಹಗ್ಗ ಇದ್ದರೆ ಸಾಕು. ಹಗ್ಗದ ಒಂದು ತುದಿಯನ್ನು ಒಂದು ಕೋಲಿಗೆ ಕಟ್ಟಿ, ಎರಡೂ ಕೋಲುಗಳಿಗೆ ನಾಲ್ಕಾರು ಸುತ್ತು ಹಾಕಿ, ಕೋಲುಗಳನ್ನು ಇಬ್ಬರು ಗಟ್ಟಿಗ ಹುಡುಗರ ಕೈಗೆ ಕೊಟ್ಟು ಬೇರೆ ಬೇರೆಯಾಗಿ ಎಳೆದು ಹಿಡಿಯುವಂತೆ ಹೇಳಿ. ಹಗ್ಗದ ಇನ್ನೊಂದು ತುದಿಯನ್ನು ಎರಡನೆಯ ತರಗತಿಯ ಮಗು ಎಳೆದರೆ ಇಬ್ಬರೂ ತಡೆಯಲಾರದೆ ಹತ್ತಿರ ಬರುತ್ತಾರೆ. ಸುತ್ತುಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕು, ಬೆರಳುಗಳು ಹಗ್ಗದಿಂದ ದೂರವಿರಬೇಕು. ಕೋಲು ಒರಟಾಗಿದ್ದರೆ ಘರ್ಷಣೆಯೇ ಬಲವನ್ನೆಲ್ಲ ನುಂಗುತ್ತದೆ. ಸ್ವಲ್ಪ ಟಾಲ್ಕಂ ಪುಡಿಯನ್ನು ಸವರಿದರೆ ಹಗ್ಗ ಸಲೀಸಾಗಿ ಜಾರುತ್ತದೆ.