ಬಿದಿರು ಉಳಿಸಿದ ಕತ್ತಿವರಸೆ

ಜಪಾನಿನ ಕತ್ತಿವರಸೆಯಾದ ಕೆಂಡೊ ಕಲಿಯಲು ಹೊಸದಾಗಿ ಬಂದವರ ಕೈಗೆ ಮೊದಲು ಸಿಗುವುದು ಬಿದಿರು. ನಾಲ್ಕು ಸೀಳುಗಳನ್ನು ಒಟ್ಟುಗೂಡಿಸಿ, ತುದಿಗೊಂದು ಚರ್ಮದ ಟೊಪ್ಪಿಗೆ, ಹಿಡಿಗೊಂದು ಚರ್ಮದ ಹೊದಿಕೆ ತೊಡಿಸಿ, ಎರಡರ ನಡುವೆ ದಾರ ಎಳೆದು ಬಿಗಿದಿರುತ್ತಾರೆ. ಇದೇ ಶಿನಾಯ್. ದಾರವಿರುವ ಬದಿ ಕತ್ತಿಯ ಬೆನ್ನು, ಅದರ ಎದುರು ಬದಿ ಅಲಗು. ದೊಡ್ಡವರ ಶಿನಾಯ್ ಹೆಚ್ಚೆಂದರೆ 120 ಸೆಂಟಿಮೀಟರ್ ಉದ್ದವಿರುತ್ತದೆ.

ಕಲಿಯುವವರ ತಲೆ ಒಡೆಯದಿರಲೆಂದೇ ಇದು ಬಂತು. ಹಿಂದೆ ಅಭ್ಯಾಸವೆಲ್ಲ ನಡೆಯುತ್ತಿದ್ದದ್ದು ಗಟ್ಟಿಮರದ ಕತ್ತಿಯಲ್ಲಿ. ಅದರ ಒಂದು ಏಟು ತಪ್ಪಿ ಬಿದ್ದರೂ ಮೂಳೆ ಮುರಿಯುವುದು ಖಂಡಿತ. ಹಾಗಾಗಿ ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡ ವರಸೆಗಳನ್ನೇ, ಅಂದರೆ ಕಾತಾಗಳನ್ನೇ, ಮೈಗೆ ತಾಗುವ ಮುನ್ನ ಕೈ ತಡೆದು ಮಾಡಬೇಕಿತ್ತು. 16ನೇ ಶತಮಾನದಲ್ಲಿ ಶಿಂಕಾಗೆ ಪಂಥದವರು ಸೀಳಿದ ಬಿದಿರನ್ನು ಚರ್ಮದ ಚೀಲಕ್ಕೆ ತುರುಕಿ ಬಳಸತೊಡಗಿದರು. 18ನೇ ಶತಮಾನದಲ್ಲಿ ನಾಗಾನುಮಾ ಕುನಿಸಾತೊ, ಅವರ ನಂತರ ನಾಕಾನಿಶಿ ಚೂಝೋ ಮುಖಕ್ಕೆ, ಮುಂಗೈಗೆ, ಎದೆಗೆ ಕವಚಗಳನ್ನು ರೂಢಿಗೆ ತಂದರು. ಕತ್ತಿವರಸೆಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಘಟ್ಟವೇ. ಎದುರಾಳಿಯನ್ನು ಪೂರ್ತಿ ಬಲದಿಂದ ಹೊಡೆಯಬಹುದು, ಆತ ನಾಳೆಯೂ ಅಭ್ಯಾಸಕ್ಕೆ ಬರಬಹುದು ಎಂಬುದು ಆವರೆಗೆ ಸಾಧ್ಯವಿರಲಿಲ್ಲ.

ಮುಂದೆ ಸಮುರಾಯ್‌ಗಳ ಕಾಲ ಮುಗಿಯಿತು. 1876ರ ಆಜ್ಞೆ ಸೊಂಟದ ಕತ್ತಿಯನ್ನೇ ಕಳಚಿಸಿತು. ಅದಕ್ಕೂ ಮೂರು ವರ್ಷ ಮೊದಲೇ ಸಾಕಾಕಿಬಾರಾ ಕೆಂಕಿಚಿ ಎಂಬ ಗುರು, ಕೆಲಸ ಕಳೆದುಕೊಂಡ ಕತ್ತಿಗಾರರನ್ನು ಸೇರಿಸಿ ಟೋಕಿಯೊದಲ್ಲಿ ಟಿಕೆಟ್ ಇಟ್ಟು ಪಂದ್ಯ ನಡೆಸಿದ್ದರು. ಆಮೇಲೆ ಪೊಲೀಸರು, ಶಾಲೆಗಳು ಈ ವಿದ್ಯೆಗೆ ಆಸರೆಯಾದರು. ಬೇರೆ ಬೇರೆ ಪಂಥದವರು ಒಟ್ಟಿಗೆ ಕಲಿಯಲೆಂದು 1912ರಲ್ಲಿ ಹತ್ತು ಕಾತಾಗಳು ರೂಪುಗೊಂಡವು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಶಾಲೆಗಳಲ್ಲಿ ಕೆಂಡೊ ನಿಷೇಧವಾಯಿತು. 1952ರಲ್ಲಿ ಅಖಿಲ ಜಪಾನ್ ಒಕ್ಕೂಟ ಹುಟ್ಟಿದ ಮೇಲೆ ಅದು ಕ್ರೀಡೆಯಾಗಿ, ಸಾಧನೆಯಾಗಿ ಮತ್ತೆ ಚಿಗುರಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1970ರಲ್ಲಿ.

ಇಂದು ಹೊಸಬರ ಪಾಠ ಶುರುವಾಗುವುದು ಪಾದದಿಂದ. ಬಲಗಾಲು ಮುಂದೆ, ಎಡಗಾಲು ಹಿಂದೆ. ಎಡ ಹಿಮ್ಮಡಿ ನೆಲದಿಂದ ತುಸು ಮೇಲೆ. ಹೆಜ್ಜೆ ಎತ್ತಿಡುವಂತಿಲ್ಲ, ಮರದ ನೆಲದ ಮೇಲೆ ಬರಿಗಾಲನ್ನು ಜಾರಿಸುತ್ತಲೇ ಸಾಗಬೇಕು. ಶಿನಾಯ್‌ನ ಭಾರ ಹೊರುವುದು ಎಡಗೈ, ಅದರಲ್ಲೂ ಕಿರುಬೆರಳು ಮತ್ತು ಉಂಗುರದ ಬೆರಳು. ಏಟು ತಾಗುವ ಗಳಿಗೆಯಲ್ಲಿ ಎರಡೂ ಕೈ ಒದ್ದೆ ಬಟ್ಟೆ ಹಿಂಡುವಂತೆ ಒಳಕ್ಕೆ ತಿರುಗಿ ಬಿಗಿಯಾಗಬೇಕು, ಮರುಕ್ಷಣವೇ ಸಡಿಲವಾಗಬೇಕು. ಹೊಡೆಯುವ ಜಾಗದ ಹೆಸರನ್ನು ಗಟ್ಟಿಯಾಗಿ ಕೂಗಬೇಕು: ತಲೆಗೆ ‘ಮೆನ್’, ಮುಂಗೈಗೆ ‘ಕೊತೆ’, ಪಕ್ಕೆಗೆ ‘ದೋ’. ದನಿ, ಕತ್ತಿ, ಮೈ ಮೂರೂ ಒಂದಾಗದಿದ್ದರೆ ಪಾಯಿಂಟ್ ಇಲ್ಲ. ಗೆದ್ದ ಸಂಭ್ರಮದಲ್ಲಿ ಮುಷ್ಟಿ ಎತ್ತಿದರೆ, ಕೊಟ್ಟ ಪಾಯಿಂಟನ್ನೂ ತೀರ್ಪುಗಾರರು ಹಿಂತೆಗೆದುಕೊಳ್ಳಬಹುದು. ಎದುರಾಳಿಗೆ ಸಲ್ಲಿಸುವ ಈ ಗೌರವ ನನಗೆ ತುಂಬ ಇಷ್ಟ.

ಕವಚ ಬೇಗ ಸಿಗುವುದಿಲ್ಲ. ಕಾಲು, ಕೈ ಹದಕ್ಕೆ ಬರುವ ತನಕ ಗಾಳಿಯನ್ನೇ ಹೊಡೆಯುವ ಅಭ್ಯಾಸ ತಿಂಗಳುಗಟ್ಟಲೆ ನಡೆದೀತು. ಬೇಸರವಾದರೂ ಬಿಡಬೇಡಿ. ಶಿನಾಯ್ ಎತ್ತುವ ಮುನ್ನ ಪ್ರತಿ ಸಲವೂ ನಾಲ್ಕೂ ಸೀಳುಗಳನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟಿದ್ದರೆ, ಎಳೆ ಎದ್ದಿದ್ದರೆ ಅದನ್ನು ಬಳಸಬೇಡಿ. ಮುರಿದ ಬಿದಿರು ಮುಖಕವಚದ ಸರಳುಗಳ ನಡುವೆ ನುಗ್ಗಿ ಎದುರಿಗಿರುವವರ ಕಣ್ಣನ್ನೇ ಕಳೆಯಬಲ್ಲದು.